ಆಕಾಶದಿಂದ ಇಳಿಯದ ಆಕ್ರಮಣಕಾರರು



ಅನ್ಯಗ್ರಹದ ಜೀವಿಗಳು ಭೂಮಿಯ ಮೇಲೆ ಎರಗುವ ಕಥೆಗಳು ಹಾಲಿವುಡ್ಡಿಗೆ ಹೊಸವಲ್ಲ. ಅವುಗಳಲ್ಲಿ 2008ರಲ್ಲಿ ತೆರೆಕಂಡ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ ಚಿತ್ರವು ಪರಿಸರಾಸಕ್ತರಲ್ಲಿ ನಿರೀಕ್ಷೆ ಹುಟ್ಟಿಸುವಂಥದು. 1951ರಲ್ಲಿ ರಾಬರ್ಟ್ ವೈಸ್ ನಿರ್ದೇಶಿಸಿದ ಮೂಲ ಚಿತ್ರದಲ್ಲಿ ಕ್ಲಾಟು ಎಂಬ ದೂತನು ಅಣ್ವಸ್ತ್ರಗಳ ವಿರುದ್ಧ ಎಚ್ಚರಿಸಲು ಬಂದಿದ್ದನು. ಸ್ಕಾಟ್ ಡೆರಿಕ್ಸನ್ ನಿರ್ದೇಶನದ ಹೊಸ ಚಿತ್ರದಲ್ಲಿ ಅದೇ ಕ್ಲಾಟು, ಕೀನು ರೀವ್ಸ್ ಅವರ ಪಾತ್ರವಾಗಿ, ಭೂಮಿಯನ್ನು ಮನುಷ್ಯನಿಂದಲೇ ರಕ್ಷಿಸಲು ಬರುತ್ತಾನೆ. ಗೋಳಾಕಾರದ ನೌಕೆಗಳು ಪ್ರಾಣಿಸಂಕುಲವನ್ನು ಒಯ್ಯುತ್ತವೆ. ಲೋಹದ ಕೀಟಗಳ ಹಿಂಡು ಮನುಷ್ಯ ಕಟ್ಟಿದ್ದೆಲ್ಲವನ್ನೂ ತಿನ್ನತೊಡಗುತ್ತದೆ.

ವಿಷಯ ಹಿರಿದು, ಚಿತ್ರ ಮಾತ್ರ ನಿರಾಶೆಗೊಳಿಸುತ್ತದೆ. ಭೂಮಿ ಸಾಯುತ್ತಿದೆ ಎಂದು ಸಾರುವ ಕಥೆಯು, ಯಾವ ಕಾಡು ಯಾರ ಲಾಭಕ್ಕಾಗಿ ನಾಶವಾಯಿತು ಎಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ಗಣಿಯ ಒಡೆಯನೂ ಕುರಿ ಕಾಯುವವನೂ ಅಲ್ಲಿ ಸಮಾನ ಅಪರಾಧಿಗಳು. ಕೊನೆಗೆ ತಾಯಿ–ಮಗನ ಕಣ್ಣೀರಿಗೆ ಕರಗಿದ ಕ್ಲಾಟು ವಿನಾಶವನ್ನು ತಡೆಯುತ್ತಾನೆ. ಜಗತ್ತಿನ ಯಂತ್ರಗಳು ಸ್ತಬ್ಧವಾಗುತ್ತವೆ. ಮರುದಿನದ ದುಡಿಮೆಯ ಮಾತೇ ಇಲ್ಲ.

ನಿಜವಾದ ಆಕ್ರಮಣ ಹೇಗಿರುತ್ತದೆಂದು ತಿಳಿಯಲು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯನ್ನು ನೋಡಿದರೆ ಸಾಕು. ಅದು ಸದ್ದಿಲ್ಲದೆ ಬಂದಿತು. ಬಾಗಿಲು ತೆರೆದವರೂ ಮನುಷ್ಯರೇ. ಅಮೆರಿಕ ಖಂಡದ ಲಂಟಾನವನ್ನು 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಭಾರತಕ್ಕೆ ತರಲಾಯಿತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇಂದು ಅದು ಭದ್ರಾ ಅರಣ್ಯವನ್ನೂ ಹೊಕ್ಕಿದೆ. ಬಳ್ಳಾರಿ ಜಾಲಿಯನ್ನು ಅದೇ ಶತಮಾನದ ಉತ್ತರಾರ್ಧದಲ್ಲಿ ಸೌದೆಗಾಗಿ, ಒಣನೆಲವನ್ನು ಹಸಿರಾಗಿಸಲೆಂದು ತರಲಾಯಿತು. ಕಾಯಿ ತಿಂದ ದನಗಳ ಸಗಣಿಯೇ ಅದರ ವಾಹನವಾಯಿತು. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು. ಆಮದು ಗೋಧಿಯೊಂದಿಗೆ ಬಂದಿತೆಂಬುದು ಪ್ರಚಲಿತ ಅಭಿಪ್ರಾಯ.

ಇಲ್ಲಿ ಅಪಾಯದಲ್ಲಿರುವುದು ಅಲ್ಪವಲ್ಲ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದ ಅಮೃತ ಮಹಲ್ ರಾಸುಗಳಿಗೆ ಕಾವಲುಗಳ ಹುಲ್ಲೇ ಆಧಾರ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಲುವಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದಿಂದಲೇ ವೈರಿಯನ್ನು ಕಂಡು ಓಡಿ ಪಾರಾಗುತ್ತದೆ. ಮುಳ್ಳುಜಾಲಿ ಹಬ್ಬಿದಲ್ಲಿ ಅದಕ್ಕೆ ಹುಲ್ಲೂ ಇಲ್ಲ, ನೋಟವೂ ಇಲ್ಲ. ಆದುದರಿಂದ ಹುಲ್ಲುಗಾವಲನ್ನು ಬಂಜರೆಂದು ಕರೆದು ಸಸಿ ನೆಡುವ ಉತ್ಸಾಹವೂ ಅಲ್ಲಿ ಉಪಕಾರವಲ್ಲ.

ಪರಿಹಾರಕ್ಕೂ ಚಲನಚಿತ್ರದ ವೇಗವಿಲ್ಲ. ಪಾರ್ಥೇನಿಯಂ ತಿನ್ನುವ ದುಂಬಿಯನ್ನು 1983ರಲ್ಲಿ ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಎಲೆ ಮೇಯುವ ಆ ದುಂಬಿ ಒಣಗಾಲದಲ್ಲಿ ಮಣ್ಣಿನೊಳಗೆ ಅಡಗುತ್ತದೆ. ಅದು ನೆರವಾಯಿತು, ಕಳೆಯನ್ನು ನಿರ್ಮೂಲ ಮಾಡಲಿಲ್ಲ. ಜಾಲಿಯನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ, ಬೇರುಸಹಿತ ಕೀಳಬೇಕು. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮುನ್ನ, ಕೈಗವಸು ತೊಟ್ಟು ಕೀಳಬೇಕು. ಅದರ ಸ್ಪರ್ಶದಿಂದ ಅನೇಕರಿಗೆ ಚರ್ಮರೋಗ ಬರುತ್ತದೆ. ತೆರವಾದ ನೆಲದಲ್ಲಿ ಸ್ಥಳೀಯ ಹುಲ್ಲು ಬೇರೂರುವವರೆಗೆ ವರ್ಷ ವರ್ಷವೂ ಕಣ್ಣಿಡಬೇಕು.

ಜಾಲಿಯ ಸೌದೆ, ಇದ್ದಿಲುಗಳಿಂದ ಜೀವಿಸುವ ಬಡ ಕುಟುಂಬಗಳೂ ಇವೆ. ಅವರನ್ನು ಮರೆತು ಮಾಡುವ ತೆರವು ಕ್ಲಾಟುವಿನ ನ್ಯಾಯದಂತೆಯೇ ಕುರುಡಾದೀತು. ಕಾವಲಿನ ಇತಿಹಾಸ ಬಲ್ಲ ದನಗಾಹಿ, ಸೌದೆ ಹೊರುವ ಹೆಂಗಸು, ಸಸ್ಯಶಾಸ್ತ್ರ ಓದುವ ವಿದ್ಯಾರ್ಥಿ, ಅರಣ್ಯ ಇಲಾಖೆಯ ಸಿಬ್ಬಂದಿ ಒಟ್ಟಿಗೆ ಕುಳಿತು ಎಲ್ಲಿ ಕೀಳಬೇಕು, ಎಲ್ಲಿ ಬಿಡಬೇಕು ಎಂದು ನಿರ್ಧರಿಸಲಿ. ಆ ಸಭೆ ಮುಂಗಾರಿಗೆ ಮುನ್ನವೇ, ಊರೂರಿನಲ್ಲಿ ನಡೆಯಲಿ.