ಪೊರಕೆ ಯಾರ ಕೈಲಿ, ಬೀಗದ ಕೈ ಯಾರ ಕೈಲಿ

(ತಾಲ್ಲೂಕು ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ನಮಗೆ ಕೊಟ್ಟಿರುವ ವಿಷಯ ಸರ್ಕಾರಿ ಶಾಲೆಯ ಕಟ್ಟಡ ಮತ್ತು ಅಂಗಳದ ನಿರ್ವಹಣೆ. ಬೆಳಿಗ್ಗೆಯಿಂದ ಭೂಮಿ, ಮೀಸಲಾತಿ, ದೌರ್ಜನ್ಯ ಅಂತ ದೊಡ್ಡ ಮಾತುಗಳನ್ನ ಕೇಳಿದ್ದೀರಿ. ಈಗ ಹಂಚು, ಮೋರಿ, ಪೊರಕೆ ಅಂದರೆ ನಗು ಬರಬಹುದು. ನಮಗೂ ಬಂತು. ಕವಿತೆ ಬರೆಯೋರನ್ನ ಕರೆದು ಕಕ್ಕಸಿನ ಬಗ್ಗೆ ಮಾತಾಡಿ ಅಂದರಲ್ಲ ಅಂತ ಮುಖ ಮುಖ ನೋಡಿಕೊಂಡೆವು. ಆಮೇಲೆ ನಾವು ಓದಿದ ಶಾಲೆಗಳನ್ನ ನೆನೆಸಿಕೊಂಡು ಕೂತೆವು. ನಗು ನಿಂತುಹೋಯಿತು.

ನಮ್ಮಲ್ಲಿ ಬಹಳ ಜನ ಓದಿದ್ದು ಊರೊಳಗಿನ ಶಾಲೆಯಲ್ಲಿ. ಗೋಡೆ ಮೇಲೆ ಕೆಲಸದ ಪಟ್ಟಿ ಇರೋದು. ಗಿಡಕ್ಕೆ ನೀರು ಹಾಕುವವರು ಇಂಥವರು, ಬೋರ್ಡು ಒರೆಸುವವರು ಇಂಥವರು, ಕುಡಿಯುವ ನೀರು ತುಂಬುವವರು ಇಂಥವರು. ಕಕ್ಕಸು ತೊಳೆಯುವವರ ಹೆಸರು ಮಾತ್ರ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ. ಮೇಷ್ಟ್ರು ಹಿಂದಿನ ಸಾಲಿನ ಕಡೆ ಒಮ್ಮೆ ನೋಡಿದರೆ ಸಾಕು, ನಾವೇ ಎದ್ದು ಹೋಗುತ್ತಿದ್ದೆವು. ಪಾಠ ತಪ್ಪಿತಲ್ಲ ಅಂತ ಖುಷಿ ಬೇರೆ. ಇದನ್ನ ಹೇಳಿಕೊಳ್ಳೋಕೆ ಈಗ ನಾಚಿಕೆ. ಆ ಹೊತ್ತಿನಲ್ಲಿ ತಪ್ಪಿಹೋದ ಭಾಗಾಕಾರ ಇವತ್ತಿಗೂ ನಮ್ಮಲ್ಲಿ ಕೆಲವರಿಗೆ ಬರೋದಿಲ್ಲ.

ಬಾಬಾಸಾಹೇಬರು ಸತಾರೆಯ ಶಾಲೆಗೆ ಗೋಣಿತಟ್ಟು ಹೊತ್ತುಕೊಂಡು ಹೋಗುತ್ತಿದ್ದರು ಅನ್ನೋದು ನಮಗೆಲ್ಲ ಗೊತ್ತು. ಅದನ್ನ ಸಂಜೆ ಮನೆಗೆ ವಾಪಸು ಯಾಕೆ ಹೊರಬೇಕಾಗಿತ್ತು ಅನ್ನೋದನ್ನೂ ಅವರೇ ಬರೆದಿದ್ದಾರೆ. ಶಾಲೆ ಗುಡಿಸುವ ಆಳು ಆ ಗೋಣಿಯನ್ನ ಮುಟ್ಟುತ್ತಿರಲಿಲ್ಲ. ನೋಡಿ, ಅಲ್ಲಿ ಶಾಲೆಗೆ ಗುಡಿಸುವವನಿದ್ದ, ಸಂಬಳವೂ ಇತ್ತು, ಆದರೆ ಅವನ ಪೊರಕೆ ಒಬ್ಬ ಹುಡುಗ ಕೂತ ಜಾಗಕ್ಕೆ ಬರುತ್ತಿರಲಿಲ್ಲ. ಇವತ್ತು ನಮ್ಮ ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಗುಡಿಸುವವನೇ ಇಲ್ಲ. ಪೊರಕೆ ತಾನಾಗಿಯೇ ಆ ಹುಡುಗನ ಕೈಗೆ ಬಂದಿದೆ.

2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದರು. ದೊಡ್ಡವರನ್ನ ಇಳಿಸುವುದನ್ನೇ 2013ರ ಕಾಯ್ದೆ ನಿಷೇಧಿಸಿರುವ ದೇಶದಲ್ಲಿ ಮಕ್ಕಳನ್ನ ಇಳಿಸಿದರು. ವಿಡಿಯೋ ಹೊರಗೆ ಬಂತು, ಅಮಾನತಾಯಿತು, ಬಂಧನವಾಯಿತು. ಆಗಬೇಕಾದ್ದೇ. ಆದರೆ ಗುಂಡಿ ತುಂಬಿದರೆ ಯಂತ್ರದ ಗಾಡಿ ಕರೆಸೋಕೆ ದುಡ್ಡು ಯಾವ ಲೆಕ್ಕದಲ್ಲಿ ಬರುತ್ತೆ, ಅದನ್ನ ಯಾರು ಯಾವ ತಿಂಗಳು ತೆಗೆದಿಡಬೇಕು ಅಂತ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಘೋಷಣೆ ಕೂಗಿ ಮನೆಗೆ ಹೋದೆವು.

ದುಡ್ಡಿನ ಮಾತಿಗೇ ಬರೋಣ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆಯ ಚೌಕಟ್ಟಿನಲ್ಲಿ ನೂರು ಮಕ್ಕಳೊಳಗಿನ ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 25,000 ರೂಪಾಯಿ ಅನುದಾನ. ನೂರು ದಾಟಿ 250ರವರೆಗೆ ಇದ್ದರೆ 50,000. ಕೆಟ್ಟ ಸಾಮಾನು ಬದಲಾಯಿಸೋದು, ದುರಸ್ತಿ, ನೀರು ಎಲ್ಲಕ್ಕೂ ಇದೇ ಗಂಟು. ಇದರಲ್ಲಿ ನೂರಕ್ಕೆ ಹತ್ತು ಪಾಲಾದರೂ ಸ್ವಚ್ಛತೆಗೆ ಹೋಗಬೇಕು. 80 ಮಕ್ಕಳ ಶಾಲೆಗೆ ಆ ಹತ್ತು ಪಾಲು ಅಂದರೆ 2,500 ರೂಪಾಯಿ. ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 208 ರೂಪಾಯಿ. ಈ ಭಾಗಾಕಾರ ಮಾತ್ರ ನಮಗೆ ಚೆನ್ನಾಗಿ ಬಂತು. ಪೊರಕೆ, ಫಿನಾಯಿಲು, ಬಕೆಟ್ಟು ಕೊಂಡರೆ ಮುಗೀತು, ಅದನ್ನ ಹಿಡಿಯುವ ಕೈಗೆ ಕೂಲಿ ಎಲ್ಲಿಂದ? ಆ ಕೈಯನ್ನ ಪುಕ್ಕಟೆಯಾಗಿ ಜಾತಿ ಒದಗಿಸುತ್ತೆ ಅಂತ ಲೆಕ್ಕ ಬರೆದವರಿಗೆ ಗೊತ್ತಿಲ್ಲದೆ ಇರುತ್ತಾ?

ಕಟ್ಟಡಕ್ಕೂ ಇದೇ ಗತಿ. ಹಂಚಿನ ಶಾಲೆಯಲ್ಲಿ ಗಾಳಿಗೋ ಕೋತಿಗೋ ಒಂದು ಹಂಚು ಸರಿಯುತ್ತೆ. ಮುಂಗಾರಿಗೆ ಮೊದಲು ಏಣಿ ಹಾಕಿ ಸರಿಮಾಡಿದರೆ ಒಬ್ಬ ಆಳಿನ ಅರ್ಧ ದಿನದ ಕೂಲಿ. ಬಿಟ್ಟರೆ ನೀರು ರೀಪಿಗೆ ಇಳಿಯುತ್ತೆ, ರೀಪು ಕೊಳೆತು ತೊಲೆಗೆ, ತೊಲೆಯಿಂದ ಗೋಡೆ ತಲೆಗೆ. ನಾಲ್ಕು ಮಳೆಗಾಲದಲ್ಲಿ ಒಂದು ಕೊಠಡಿ ಹೋಯಿತು. ತಾರಸಿ ಶಾಲೆಯಾದರೆ ಬೇವಿನ ಎಲೆ ಬಿದ್ದು ನೀರಿನ ಕೊಳವೆ ಕಟ್ಟಿಕೊಳ್ಳುತ್ತೆ, ನೀರು ಮೇಲೆ ನಿಂತು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ತುಕ್ಕು ಹಿಡಿದ ಕಬ್ಬಿಣ ಊದುತ್ತೆ, ಊದಿ ಗಾರೆಯನ್ನ ಒಡೆದು ಕೆಳಗೆ ಕೂತ ಮಗುವಿನ ತಲೆ ಮೇಲೆ ಬೀಳಿಸುತ್ತೆ. ಪತ್ರಿಕೆಯಲ್ಲಿ ಅದು ಆಕಸ್ಮಿಕ ಅಂತ ಬರುತ್ತೆ. ಒಂದು ಬುಟ್ಟಿ ಎಲೆ ತೆಗೆಯದೆ ಹೋದದ್ದು ಆಕಸ್ಮಿಕ ಹೇಗಾದೀತು? ಹೊಸ ಕೊಠಡಿ ಕಟ್ಟಿದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು, ಗುತ್ತಿಗೆ ಕೊಡಬಹುದು. ಹಂಚು ಸರಿಮಾಡಿದರೆ ಯಾರ ಹೆಸರೂ ಕೆತ್ತೋಕಾಗಲ್ಲ. ಅದಕ್ಕೇ ಕೆಲವು ಕಡೆ ಸೋರುವ ಹಳೇ ಕೊಠಡಿ ಪಕ್ಕದಲ್ಲೇ ಬಣ್ಣ ಹೊಡೆದ ಹೊಸ ಕೊಠಡಿ ನಿಂತಿರುತ್ತೆ. ಅದೂ ಹತ್ತು ವರ್ಷಕ್ಕೆ ಸೋರುತ್ತೆ.

ಇನ್ನು ಅಂಗಳ. ಊರ ಶಾಲೆಯ ಅಂಗಳದಲ್ಲಿ ಧಣಿಗಳ ಮದುವೆ ನಡೆಯುತ್ತೆ, ಸುಗ್ಗಿಯಲ್ಲಿ ಅವರ ರಾಗಿ ಮೆದೆ ಒಟ್ಟುತ್ತೆ, ಟ್ರ್ಯಾಕ್ಟರು ನಿಲ್ಲುತ್ತೆ. ಏಪ್ರಿಲ್ 14ಕ್ಕೆ ನಾವು ಒಂದು ಪೆಂಡಾಲು ಹಾಕ್ತೀವಿ ಅಂದಾಗ ಮಾತ್ರ ಶಾಲೆಯ ಶಿಸ್ತು, ಮೇಲಧಿಕಾರಿಗಳ ಅನುಮತಿ ಎಲ್ಲ ನೆನಪಾಗುತ್ತೆ. ಬೇಲಿ ಒತ್ತಿಕೊಂಡು ಬಂದ ಹೊಲದವರ ಬಗ್ಗೆ ಹೇಳೋದೇ ಬೇಡ. ಅಳತೆ ಮಾಡಿಸಿ ಅಂದರೆ ಹೆಡ್ ಮೇಷ್ಟ್ರು ವರ್ಗ ಕೇಳಿಕೊಂಡು ಹೋಗ್ತಾರೆ.

ಬೀಗದ ಕೈ ವಿಷಯ ಇನ್ನೂ ಇದೆ. ನೀರಿಲ್ಲದ ಕಕ್ಕಸಿಗೆ ಬೀಗ. ತೆಗೆದಿಟ್ಟರೆ ಹಾಳಾಗುತ್ತೆ ಅಂತ ಸಮಜಾಯಿಷಿ. ದೊಡ್ಡ ತರಗತಿಯ ನಮ್ಮ ತಂಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತಿರ್ತಾರೆ, ತಿಂಗಳಲ್ಲಿ ಮೂರು ನಾಲ್ಕು ದಿನ ಬರೋದೇ ಇಲ್ಲ. ಸುಪ್ರೀಂ ಕೋರ್ಟು 2012ರ ಅಕ್ಟೋಬರಿನಲ್ಲೇ ಎಲ್ಲ ಶಾಲೆಗಳಿಗೂ ಆರು ತಿಂಗಳೊಳಗೆ ಕಕ್ಕಸು ಮತ್ತು ನೀರು ಒದಗಿಸಿ ಅಂತ ಹೇಳಿತ್ತು. ಕಟ್ಟಿದ್ದನ್ನ ಲೆಕ್ಕಕ್ಕೆ ತೋರಿಸಿದರು. ಬೀಗ ಲೆಕ್ಕಕ್ಕೆ ಬರಲಿಲ್ಲ.

ಕೆಲವು ಗಾಂಧಿವಾದಿ ಗೆಳೆಯರು ಕೇಳ್ತಾರೆ, ಮಕ್ಕಳು ಶಾಲೆ ಗುಡಿಸಿದರೆ ತಪ್ಪೇನ್ರಪ್ಪಾ, ಶ್ರಮದ ಗೌರವ ಬೇಡವೇ ಅಂತ. ತರಗತಿಯ ಕಸವನ್ನ ಎಲ್ಲ ಮಕ್ಕಳೂ ಸರದಿ ಮೇಲೆ ಗುಡಿಸಲಿ, ಪಟೇಲರ ಮೊಮ್ಮಗನೂ ಗುಡಿಸಲಿ, ಮೇಷ್ಟ್ರೂ ಪೊರಕೆ ಹಿಡಿಯಲಿ. ನಮ್ಮ ತಕರಾರಿಲ್ಲ. ಕಕ್ಕಸಿಗೆ ಮಾತ್ರ ಯಾವ ಮಗುವನ್ನೂ ಕಳಿಸಕೂಡದು. ಅದಕ್ಕೆ ನೌಕರ ಬೇಕು, ಸಂಬಳ ಬೇಕು, ಕೈಗವಸು ಬೇಕು, ನಲ್ಲಿಯಲ್ಲಿ ನೀರು ಬೇಕು. ಆ ಕೆಲಸಕ್ಕೂ ನಮ್ಮ ಕೇರಿಯ ಹೆಂಗಸನ್ನೇ ಕರೆದು ದಿನಗೂಲಿ ಎಸೆದರೆ ಮಗಳ ಕೈಯಿಂದ ಪೊರಕೆ ತಾಯಿ ಕೈಗೆ ಹೋಯಿತು ಅಷ್ಟೆ.

ಕೇಳಬೇಕಾದ ಜಾಗ ಯಾವುದು? ನಮ್ಮ ರಾಜ್ಯದಲ್ಲಿ 2001ರಿಂದ ಎಸ್.ಡಿ.ಎಂ.ಸಿ. ಇದೆ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳಿರಬೇಕು, ಅರ್ಧ ಹೆಂಗಸರಿರಬೇಕು, ನಮ್ಮಂಥವರ ಮಕ್ಕಳು ಎಷ್ಟಿದ್ದಾರೋ ಆ ಪ್ರಮಾಣಕ್ಕೆ ನಮ್ಮವರಿರಬೇಕು ಅನ್ನುತ್ತೆ. ಅನುದಾನದ ಖರ್ಚು ನೋಡುವ, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವ ಹಕ್ಕು ಈ ಸಮಿತಿಯದು. ಆದರೆ ನಡೆಯೋದೇನು? ಅಧ್ಯಕ್ಷರು ಊರ ದೊಡ್ಡವರ ಕಡೆಯವರು. ನಮ್ಮ ತಾಯಂದಿರ ಹೆಬ್ಬೆಟ್ಟಿಗೆ ನಡಾವಳಿ ಪುಸ್ತಕ ಗದ್ದೆಗೇ ಬರುತ್ತೆ. ಏನು ಬರೆದಿದೆ ಅಂತ ಓದಿ ಹೇಳೋರಿಲ್ಲ. ನಮ್ಮದೂ ತಪ್ಪಿದೆ. ನಮ್ಮ ಸಂಘಟನೆಯ ಮುಖಂಡರಲ್ಲೇ ಎಷ್ಟು ಜನರ ಮಕ್ಕಳು ಕಾನ್ವೆಂಟಿನ ವ್ಯಾನು ಹತ್ತುತ್ತಿದ್ದಾರೆ? ಯಾರನ್ನೂ ನೋಯಿಸೋಕೆ ಹೇಳ್ತಿಲ್ಲ. ವ್ಯಾನು ಹತ್ತಿದ ಮಗುವಿನ ಅಪ್ಪನಿಗೆ ಆ ಸಮಿತಿಯಲ್ಲಿ ಕುರ್ಚಿ ಇಲ್ಲ, ಅಷ್ಟೇ.

ಮಾತು ಉದ್ದವಾಯಿತು, ಊಟಕ್ಕೆ ಕಾಯ್ತಿದ್ದೀರಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಮಾಹಿತಿ ಹಕ್ಕಿನ ಮಾದರಿ ಅರ್ಜಿ ಇಟ್ಟಿದ್ದೇವೆ. ನಿಮ್ಮ ಶಾಲೆಗೆ ಬಂದ ಅನುದಾನ ಎಷ್ಟು, ಸ್ವಚ್ಛತೆಗೆ ಖರ್ಚಾದದ್ದೆಷ್ಟು, ರಸೀದಿಗಳ ನಕಲು ಕೊಡಿ, ಇಷ್ಟೇ ಅದರಲ್ಲಿರೋದು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದಕ್ಕೇ ಕವಿತೆ ಸೇರಿಸಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿ.ಪಿ.ಎಲ್. ಕಾರ್ಡಿದ್ದರೆ ಅದರ ನಕಲು ಸಾಕು, ಶುಲ್ಕ ಇಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬರೆಯೋಕೆ ಬಾರದ ತಾಯಂದಿರು ಊಟ ಮುಗಿಸಿ ಮೇಜಿನ ಹತ್ತಿರ ಬನ್ನಿ. ನಾವು ಬರೀತೀವಿ, ಬರೆದದ್ದನ್ನ ಗಟ್ಟಿಯಾಗಿ ಓದಿಯೂ ಹೇಳ್ತೀವಿ. ಆಮೇಲೆ ಹೆಬ್ಬೆಟ್ಟು ಒತ್ತಿ.