ಗಳಿಗೆ ತಪ್ಪಿದ ಅಂಕಿಗಳು



ಹೈ-ಫೈ ಹುಚ್ಚಿನವರಲ್ಲಿ ಎರಡು ಪಂಗಡ. ‘ಸೊನ್ನೆ ಅಂದರೆ ಸೊನ್ನೆ, ಒಂದು ಅಂದರೆ ಒಂದು, ಕೇಬಲ್ ಯಾವುದಾದರೇನು?’ ಎನ್ನುವವರು ಒಂದು ಕಡೆ. ದುಬಾರಿ ಕೇಬಲ್ ಸಿಕ್ಕಿಸಿದ ಮೇಲೆಯೇ ತಂಬೂರಿಯ ಝೇಂಕಾರ ಬಿಡಿಬಿಡಿಯಾಗಿ ಕೇಳಿಸಿತು ಎನ್ನುವವರು ಇನ್ನೊಂದು ಕಡೆ. ಮೊದಲನೆಯವರು ಕಾಲವನ್ನು ಮರೆತಿದ್ದಾರೆ. ಎರಡನೆಯವರು ಕಾಲುನೋವಿಗೆ ತಲೆಗೆ ಪಟ್ಟಿ ಕಟ್ಟುತ್ತಿದ್ದಾರೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಪ್ರತಿ ಚಾನೆಲ್ಲಿಗೆ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೂ 16 ಬಿಟ್. ಹಾಡನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಯಾವ ಅಂಕಿ ಎಷ್ಟು ಹೊತ್ತಿಗೆ ಬಂತೆಂದು ಯಾರೂ ಕೇಳುವುದಿಲ್ಲ, ಎಲ್ಲವೂ ಬಂದರಾಯಿತು. ಅವೇ ಅಂಕಿಗಳನ್ನು ಡ್ಯಾಕ್ ಚಿಪ್ಪು ವೋಲ್ಟೇಜಾಗಿ ಬದಲಿಸುವಾಗ ಮಾತ್ರ ಹೊತ್ತು ಮುಖ್ಯವಾಗುತ್ತದೆ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳ ಎಣಿಕೆ ಸರಿಯಿದ್ದು ಅಂತರ ಏರುಪೇರಾದರೆ ಎಳೆ ಸೊಟ್ಟಗಾಗುತ್ತದಲ್ಲ, ಹಾಗೆ. ಈ ಏರುಪೇರಿಗೇ ಜಿಟರ್ ಎನ್ನುವುದು.

ಎಷ್ಟು ಏರುಪೇರಾದರೆ ತೊಂದರೆ? ಲೆಕ್ಕ ಕಷ್ಟವೇನಲ್ಲ. 20 ಕಿಲೋಹರ್ಟ್ಸ್‌ನ ಸ್ವರವೊಂದು ಪೂರ್ಣ ಮಟ್ಟದಲ್ಲಿದ್ದು, ಅದರ ಅಲೆ ಅತಿ ಕಡಿದಾಗಿ ಏರುವ ಜಾಗದಲ್ಲಿ 16 ಬಿಟ್‌ನ ಒಂದು ಮೆಟ್ಟಿಲು ದಾಟಲು ಸುಮಾರು 240 ಪಿಕೋಸೆಕೆಂಡು ಸಾಕು. ಪಿಕೋಸೆಕೆಂಡು ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಜಾಹೀರಾತಿನವರಿಗೆ ಬೇಕಾದದ್ದೂ ಅದೇ. ಆದರೆ ಪೂರ್ಣ ಮಟ್ಟದ 20 ಕಿಲೋಹರ್ಟ್ಸ್ ಯಾವ ಕಚೇರಿಯಲ್ಲೂ ಇರುವುದಿಲ್ಲ. ಇದ್ದರೂ ನನ್ನ ವಯಸ್ಸಿನವರಿಗೆ ಕೇಳಿಸುವುದಿಲ್ಲ.

ಇನ್ನು ತಂತಿಯ ವಿಷಯ. ಸೋನಿ ಮತ್ತು ಫಿಲಿಪ್ಸ್ ಹೆಸರಿನ ಎಸ್‌ಪಿಡಿಐಎಫ್ ಸಂಪರ್ಕ ನಿಮ್ಮ ಪ್ಲೇಯರಿನ ಬೆನ್ನಲ್ಲಿ ಎರಡು ವೇಷದಲ್ಲಿ ಸಿಗುತ್ತದೆ: 75 ಓಮ್‌ನ ಕೋಆಕ್ಸಿಯಲ್, ಇಲ್ಲವೇ ಒಳಗೆ ಕೆಂಪು ಬೆಳಕು ಕಾಣುವ ಆಪ್ಟಿಕಲ್. ಎರಡರಲ್ಲೂ ಅಂಕಿ ಮತ್ತು ಗಡಿಯಾರ ಒಂದೇ ದಾರಿಯಲ್ಲಿ ಬರುತ್ತವೆ. ಪ್ರತಿ ಬಿಟ್ ಶುರುವಾಗುವಾಗ ಮಟ್ಟ ಒಮ್ಮೆ ಮಗುಚುತ್ತದೆ; ಬಿಟ್ ‘ಒಂದು’ ಆಗಿದ್ದರೆ ನಡುವೆ ಮತ್ತೊಮ್ಮೆ. ಈ ಮಗುಚುವ ಅಂಚುಗಳನ್ನೇ ಹಿಡಿದು ಆಚೆ ಕಡೆಯ ರಿಸೀವರ್ ತನ್ನ ಗಡಿಯಾರವನ್ನು ಕಟ್ಟಿಕೊಳ್ಳಬೇಕು. ದಾರಿಯ ಬ್ಯಾಂಡ್‌ವಿಡ್ತ್ ಸಾಲದಿದ್ದರೆ ಅಂಚುಗಳು ದುಂಡಗಾಗುತ್ತವೆ. ಆಗ ಒಂದು ಅಂಚು ಯಾವ ಕ್ಷಣಕ್ಕೆ ಗೆರೆ ದಾಟುತ್ತದೆ ಎಂಬುದು ಅದರ ಹಿಂದಿನ ಬಿಟ್‌ಗಳನ್ನು ಅವಲಂಬಿಸುತ್ತದೆ. ಅಂದರೆ ಹಾಡಿನ ಅಂಕಿಗಳೇ ಹಾಡಿನ ಗಡಿಯಾರವನ್ನು ಅಲ್ಲಾಡಿಸುತ್ತವೆ! ಈ ಸಂಪರ್ಕದ ವಿನ್ಯಾಸದಲ್ಲೇ ಐಬಿದೆಯೇ ಎಂದು 1992ರಲ್ಲಿ ಕ್ರಿಸ್ ಡನ್ ಮತ್ತು ಮಾಲ್ಕಮ್ ಹಾಕ್ಸ್‌ಫರ್ಡ್ ನೇರವಾಗಿಯೇ ಕೇಳಿದರು.

ಈ ಐಬನ್ನು ಬಯಲಿಗೆಳೆಯಲು ಜೂಲಿಯನ್ ಡನ್ (ಇವರು ಬೇರೆ ಡನ್) ಮಾಡಿದ ಜೆ-ಟೆಸ್ಟ್ ನನಗೆ ಬಹಳ ಇಷ್ಟ. ಸಿ.ಡಿ.ಗೆ ಅದರಲ್ಲಿರುವುದು 11,025 ಹರ್ಟ್ಸ್‌ನ ಒಂದು ಸ್ವರ, ಜೊತೆಗೆ ಕಟ್ಟಕಡೆಯ ಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 230 ಸಲ ಆಗುವ ಏರಿಳಿತ. ಬೆಲೆಯಲ್ಲಿ ಒಂದೇ ಮೆಟ್ಟಿಲಿನ ವ್ಯತ್ಯಾಸ. ಆದರೆ ಡಿಜಿಟಲ್ ಬರಹದಲ್ಲಿ 0 ಎಂದರೆ ಹದಿನಾರೂ ಸೊನ್ನೆ, −1 ಎಂದರೆ ಹದಿನಾರೂ ಒಂದು. ಹೀಗಾಗಿ ತಂತಿಯ ಮೇಲೆ ದೊಡ್ಡ ದೊಂಬಿಯೇ ಆಗುತ್ತದೆ. ಗಡಿಯಾರ ಅಲ್ಲಾಡಿದರೆ ಸ್ವರದ ಎಡಬಲಕ್ಕೆ 230 ಹರ್ಟ್ಸ್ ದೂರದಲ್ಲಿ ಎರಡು ಮುಳ್ಳು ಏಳುತ್ತವೆ. 10 ಕಿಲೋಹರ್ಟ್ಸ್ ಸ್ವರಕ್ಕೆ 1 ನ್ಯಾನೋಸೆಕೆಂಡಿನ ಜಿಟರ್ ಇದ್ದರೆ ಅಂಥ ಮುಳ್ಳುಗಳು ಸುಮಾರು 90 ಡೆಸಿಬೆಲ್ ಕೆಳಗಿರುತ್ತವೆ.

ಮೀಟರಿಗೆ ಕಂಡದ್ದು ಕಿವಿಗೂ ಕೇಳಬೇಕೆಂದಿಲ್ಲ. ಜಪಾನಿನ ಅಶಿಹಾರ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಳಗಿದ ಕಿವಿಗಳಿಗೂ ಸಂಗೀತದಲ್ಲಿ ಗೊತ್ತುಗುರಿಯಿಲ್ಲದ ಜಿಟರ್ ಪತ್ತೆಯಾಗಲು ನೂರಾರು ನ್ಯಾನೋಸೆಕೆಂಡು ಬೇಕಾಯಿತು. ಒಳ್ಳೆಯ ಡ್ಯಾಕ್‌ನ ಜಿಟರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಹೀಗಿರುವಾಗ ಜಿಟರ್ ಹೆಸರಿನಲ್ಲಿ ಮಾರುವ ಕೇಬಲ್ಲಿಗೆ ದುಡ್ಡು ಸುರಿಯುವುದನ್ನು ನಾನಂತೂ ಒಪ್ಪುವುದಿಲ್ಲ.

ನನ್ನ ತಕರಾರು ಬೇರೆ. ಗಡಿಯಾರ ಇರಬೇಕಾದದ್ದು ಡ್ಯಾಕ್ ಚಿಪ್ಪಿನ ಮಗ್ಗುಲಲ್ಲಿ. ಎಸ್‌ಪಿಡಿಐಎಫ್ ಅದನ್ನು ಪ್ಲೇಯರಿನಲ್ಲಿ ಇಟ್ಟಿತು, ಡ್ಯಾಕ್ ಅದರ ಹಿಂದೆ ಓಡಬೇಕಾಯಿತು. ಸ್ಟುಡಿಯೋದವರು ಎಲ್ಲ ಯಂತ್ರಗಳಿಗೂ ಒಂದೇ ವರ್ಡ್ ಕ್ಲಾಕ್ ಕೊಟ್ಟು ತಾಳ ಕೂಡಿಸಿಕೊಂಡರು. ಮನೆಯವರಿಗೆ ಪರಿಹಾರ ಬಂದದ್ದು ಅಸಿಂಕ್ರೊನಸ್ ಯುಎಸ್‌ಬಿಯಿಂದ. ಅಲ್ಲಿ ಯಜಮಾನಿಕೆ ಡ್ಯಾಕ್‌ನದು. ತನ್ನ ಕ್ರಿಸ್ಟಲಿನ ಲಯಕ್ಕೆ ತಕ್ಕಂತೆ ‘ಸ್ವಲ್ಪ ಬೇಗ ಕಳಿಸು, ಸ್ವಲ್ಪ ನಿಧಾನಿಸು’ ಎಂದು ಕಂಪ್ಯೂಟರಿಗೆ ಅದು ಹೇಳುತ್ತಿರುತ್ತದೆ. ಬಂದ ಅಂಕಿಗಳು ಬಫರಿನಲ್ಲಿ ಕೂತು ಕರೆದಾಗ ಏಳುತ್ತವೆ. ಕಂಪ್ಯೂಟರಿನ ಗಡಿಯಾರ ಹೇಗಿದ್ದರೂ ಲೆಕ್ಕಕ್ಕಿಲ್ಲ.

ಆದ್ದರಿಂದ ಕಂಪ್ಯೂಟರಿಗೆ ಯುಎಸ್‌ಬಿ. ಟಿವಿ, ಸೆಟ್‌ಟಾಪ್ ಬಾಕ್ಸಿಗೆ ಆಪ್ಟಿಕಲ್. ಅದರಲ್ಲಿ ಜಿಟರ್ ತುಸು ಹೆಚ್ಚಿದ್ದರೂ ಇರಲಿ, ವಿದ್ಯುತ್ ಸಂಪರ್ಕವೇ ಇಲ್ಲದ ಕಾರಣ ಅದರ ಮೂಲಕ ಅರ್ತ್ ಲೂಪಿನ ‘ಗುಂಯ್’ ಬರುವುದಿಲ್ಲ. ಆ ಗುಂಯ್ ಮಾತ್ರ ಎಲ್ಲ ಕಿವಿಗೂ ಕೇಳಿಸುತ್ತದೆ. ಆಪ್ಟಿಕಲ್ ಕೇಬಲನ್ನು ಗೋಡೆಯ ಮೂಲೆಯಲ್ಲಿ ಮಡಚಿ ಒತ್ತಬೇಡಿ, ಸಿಕ್ಕಿಸುವ ಮುನ್ನ ತುದಿಯ ಪ್ಲಾಸ್ಟಿಕ್ ಟೊಪ್ಪಿ ತೆಗೆಯಿರಿ. ‘ಹೊಸ ಕೇಬಲ್ ಹಾಕಿದ್ದೀನಿ, ಸೌಂಡೇ ಬರ್ತಿಲ್ಲ’ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಆ ಟೊಪ್ಪಿಯನ್ನೇ.