ಮಕ್ಕಳಿಗೆ ರಸೀದಿ ಇರಲಿಲ್ಲ



ಅಮೆರಿಕದ ಕನ್ನಡ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ನುಡಿ, ನಾಡು, ಮುಂದಿನ ಪೀಳಿಗೆಯ ಕನ್ನಡ ಕಲಿಕೆಯ ಮಾತು ಬರುವುದು ವಾಡಿಕೆ. ಅವಕ್ಕೆಲ್ಲ ಗೋಷ್ಠಿಗಳಿವೆ. ಈ ಪೀಠದಿಂದ ಇಂದು ಹೇಳಬೇಕಾದದ್ದು ಅಮೆರಿಕದ ದಕ್ಷಿಣ ಗಡಿಯಲ್ಲಿ ಹೆತ್ತವರ ತೆಕ್ಕೆಯಿಂದ ಕಿತ್ತುಕೊಂಡ ಮಕ್ಕಳ ವಿಷಯ.

2017ರ ನವೆಂಬರ್‌ನಲ್ಲಿ ಕಾಂಗೋ ದೇಶದ ತಾಯಿಯೊಬ್ಬರು ತಮ್ಮ ಪುಟ್ಟ ಮಗಳೊಂದಿಗೆ ಸ್ಯಾನ್ ಡಿಯಾಗೊ ಬಳಿಯ ಗಡಿ ಠಾಣೆಗೆ ಬಂದರು. ಬೇಲಿ ಹಾರಲಿಲ್ಲ, ನದಿ ಈಜಲಿಲ್ಲ. ಅಧಿಕಾರಿಗಳ ಎದುರೇ ನಿಂತು ಆಶ್ರಯ ಕೇಳಿದರು. ಕೆಲವೇ ದಿನಗಳಲ್ಲಿ ಮಗಳನ್ನು ಶಿಕಾಗೋದ ಆಶ್ರಯ ಕೇಂದ್ರಕ್ಕೆ ಸಾಗಿಸಿ, ತಾಯಿಯನ್ನು ಸ್ಯಾನ್ ಡಿಯಾಗೊದಲ್ಲೇ ಬಂಧನದಲ್ಲಿಟ್ಟರು. ಈಕೆ ನಿಜವಾಗಿ ತಾಯಿ ಹೌದೋ ಅಲ್ಲವೋ ಎಂಬ ಅನುಮಾನ ಇದಕ್ಕೆ ಸರ್ಕಾರ ಕೊಟ್ಟ ಕಾರಣ. ಆ ಅನುಮಾನ ತೀರಿಸಬಲ್ಲ ಡಿಎನ್‌ಎ ಪರೀಕ್ಷೆ ನಡೆದದ್ದು ಮರುವರ್ಷದ ಮಾರ್ಚ್‌ನಲ್ಲಿ, ಅದೂ ತಾಯಿ ಕೋರ್ಟ್ ಮೆಟ್ಟಿಲೇರಿದ ಮೇಲೆ. ಆಕೆ ತಾಯಿಯೇ ಆಗಿದ್ದರು.

ಇದು ಒಬ್ಬ ಅಧಿಕಾರಿಯ ಎಡವಟ್ಟೆಂದು ಯಾರೂ ತಿಳಿಯಬಾರದು. 2017ರ ಜುಲೈನಿಂದ ನವೆಂಬರ್‌ವರೆಗೆ ಅದೇ ಗಡಿಯ ಎಲ್ ಪಾಸೊ ಭಾಗದಲ್ಲಿ ಮಕ್ಕಳನ್ನು ಬೇರ್ಪಡಿಸುವ ಕ್ರಮ ಪ್ರಯೋಗದ ರೂಪದಲ್ಲಿ ನಡೆದೇ ಇತ್ತು. 2018ರ ಏಪ್ರಿಲ್ 6ರಂದು ಅಟಾರ್ನಿ ಜನರಲ್ ಜೆಫ್ ಸೆಷನ್ಸ್ 'ಝೀರೋ ಟಾಲರೆನ್ಸ್' ನೀತಿ ಘೋಷಿಸಿದರು. ಅನುಮತಿಯಿಲ್ಲದೆ ಗಡಿ ದಾಟಿದ ಪ್ರತಿಯೊಬ್ಬ ವಯಸ್ಕರ ಮೇಲೂ ಕ್ರಿಮಿನಲ್ ಮೊಕದ್ದಮೆ ಎಂಬುದು ಅದರ ಸಾರ. ಮೊದಲ ಸಲ ದಾಟಿದವರ ಮಟ್ಟಿಗೆ ಇದು ಹೆಚ್ಚೆಂದರೆ ಆರು ತಿಂಗಳ ಶಿಕ್ಷೆಯ ಸಣ್ಣ ಅಪರಾಧ. ಆದರೆ ಅಪ್ಪನೋ ಅಮ್ಮನೋ ಸೆರೆಮನೆಗೆ ಹೋದ ಕೂಡಲೇ ಜತೆಗಿದ್ದ ಮಗುವನ್ನು 'ಪೋಷಕರಿಲ್ಲದ ಮಗು' ಎಂದು ಬರೆದುಕೊಳ್ಳಲಾಯಿತು. ಅಂಥ ಮಗುವನ್ನು 72 ಗಂಟೆಗಳೊಳಗೆ ಆರೋಗ್ಯ ಇಲಾಖೆಗೆ ಒಪ್ಪಿಸಬೇಕೆಂದು 2008ರ ಕಾಯಿದೆ ಹೇಳುತ್ತದೆ. ಒಂಟಿಯಾಗಿ ಬಂದ ಮಕ್ಕಳು ಕಳ್ಳಸಾಗಣೆದಾರರ ಪಾಲಾಗದಿರಲಿ ಎಂದು ಮಾಡಿದ ಕಾಯಿದೆ ಅದು. ಅದನ್ನೇ ಹಿಡಿದು, ತಾಯಿಯ ಮಡಿಲಲ್ಲಿದ್ದ ಮಗುವನ್ನು ಒಂಟಿ ಮಾಡಲಾಯಿತು. ಎಷ್ಟೋ ತಂದೆತಾಯಂದಿರು ಒಂದೆರಡು ದಿನದಲ್ಲೇ ಕೋರ್ಟಿನ ಕೆಲಸ ಮುಗಿಸಿ ಅದೇ ಠಾಣೆಗೆ ಮರಳಿದರು. ಮಕ್ಕಳು ಅಷ್ಟರಲ್ಲೇ ಬೇರೆ ರಾಜ್ಯ ಸೇರಿದ್ದರು.

ಮಕ್ಕಳು ಬೇರಾಗುತ್ತಾರೆಂದು ನ್ಯಾಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಮೊದಲೇ ಗೊತ್ತಿತ್ತು. ಆದರೂ ಮತ್ತೆ ಸೇರಿಸಲು ಬೇಕಾದ ಸಿದ್ಧತೆ ಮಾಡಲಿಲ್ಲ. ಹೀಗೆಂದು 2021ರ ಜನವರಿಯಲ್ಲಿ ಹೇಳಿದ್ದು ಆ ಇಲಾಖೆಯದೇ ಇನ್‌ಸ್ಪೆಕ್ಟರ್ ಜನರಲ್ ವರದಿ.

2018ರ ಜೂನ್ ತಿಂಗಳಲ್ಲಿ ಅಮೆರಿಕ ಎಚ್ಚೆತ್ತಿತು. ಬಂಧನ ಕೇಂದ್ರದೊಳಗೆ ಮಕ್ಕಳು ಅಪ್ಪ ಅಮ್ಮನನ್ನು ಕರೆದು ಅಳುತ್ತಿದ್ದ ಧ್ವನಿಮುದ್ರಣವನ್ನು ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಹೊರತಂದಿತು. ಅದರಲ್ಲಿ ಆರು ವರ್ಷದ ಹುಡುಗಿಯೊಬ್ಬಳು ತನ್ನ ಚಿಕ್ಕಮ್ಮನ ಫೋನ್ ನಂಬರನ್ನು ಬಾಯಿಪಾಠ ಒಪ್ಪಿಸುತ್ತಾಳೆ, ಯಾರಾದರೂ ಫೋನ್ ಮಾಡಿಕೊಡಿ ಎಂದು ಕೇಳುತ್ತಾಳೆ. ಅದಕ್ಕೂ ಮೊದಲು, ಚೆನ್ನೈಯಲ್ಲಿ ಹುಟ್ಟಿದ ಕಾಂಗ್ರೆಸ್ ಸದಸ್ಯೆ ಪ್ರಮೀಳಾ ಜಯಪಾಲ್ ಸಿಯಾಟಲ್ ಬಳಿಯ ಫೆಡರಲ್ ಸೆರೆಮನೆಗೆ ಹೋಗಿ ಮಕ್ಕಳಿಂದ ಬೇರಾದ ತಾಯಂದಿರನ್ನು ಕಂಡಿದ್ದರು. ಪಕ್ಕದ ಕೋಣೆಯಿಂದ ಮಕ್ಕಳ ಅಳು ಕೇಳುತ್ತಿತ್ತೆಂದು ಕೆಲವರು ಅವರ ಬಳಿ ಹೇಳಿಕೊಂಡರು. ಜೂನ್ 20ರಂದು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿ ಹಿಂದೆ ಸರಿದರು. ಜೂನ್ 26ರಂದು, ಆ ಕಾಂಗೋ ತಾಯಿಯ ಹೆಸರಿನಲ್ಲೇ ಬೆಳೆದ ಮೊಕದ್ದಮೆಯಲ್ಲಿ, ನ್ಯಾಯಾಧೀಶ ಡೇನಾ ಸಬ್ರಾ ಐದು ವರ್ಷದೊಳಗಿನ ಮಕ್ಕಳನ್ನು 14 ದಿನದಲ್ಲಿ, ಉಳಿದವರನ್ನು 30 ದಿನದಲ್ಲಿ ಹೆತ್ತವರಿಗೆ ಒಪ್ಪಿಸಬೇಕೆಂದು ಆಜ್ಞೆ ಮಾಡಿದರು. ಅವರನ್ನು ಆ ಹುದ್ದೆಗೆ ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ ಎಂಬುದನ್ನೂ ಹೇಳಬೇಕು. ಏಕೆಂದರೆ ಇದನ್ನು ಒಂದು ಪಕ್ಷದ ಜಗಳವೆಂದು ತಳ್ಳಿಹಾಕಲು ನೋಡುವವರಿದ್ದಾರೆ.

ಆ ಆಜ್ಞೆಯಲ್ಲಿ ಒಂದು ಮಾತಿದೆ. ಬಂಧಿತರ ದುಡ್ಡು, ಕಾಗದಪತ್ರ, ಸಾಮಾನುಗಳಿಗೆ ಸರ್ಕಾರ ಲೆಕ್ಕ ಇಡುತ್ತದೆ, ಬಿಡುಗಡೆಯ ದಿನ ಹಿಂದಿರುಗಿಸುತ್ತದೆ. ಮಕ್ಕಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟೂ ಇಲ್ಲ ಎಂದು ನ್ಯಾಯಾಧೀಶರು ಬರೆದರು. ಕಸಿದ ಚೀಲಕ್ಕೆ ರಸೀದಿ ಇತ್ತು. ಯಾವ ಮಗು ಯಾರದು ಎಂಬುದಕ್ಕೆ ನೆಟ್ಟಗೆ ಒಂದು ಪಟ್ಟಿ ಇರಲಿಲ್ಲ.

ಅದರ ಫಲ ಅನುಭವಿಸಿದವರಲ್ಲಿ ಹಲವರು ಮಧ್ಯ ಅಮೆರಿಕದ ಗ್ವಾಟೆಮಾಲಾ, ಹೊಂಡುರಾಸ್‌ಗಳ ಬೆಟ್ಟದೂರಿನವರು. 400ಕ್ಕೂ ಹೆಚ್ಚು ತಂದೆತಾಯಂದಿರನ್ನು ಮಕ್ಕಳಿಲ್ಲದೆಯೇ ಗಡೀಪಾರು ಮಾಡಲಾಗಿತ್ತು. ಸ್ವಯಂಸೇವಾ ಸಂಸ್ಥೆಗಳ ವಕೀಲರು ಬಸ್ಸಿನಲ್ಲಿ, ಬೈಕಿನಲ್ಲಿ, ನಡೆದು ಮನೆಮನೆ ತಡಕಿದರು. ಗ್ವಾಟೆಮಾಲಾದ ಹಲವರ ಮನೆಮಾತು ಮಾಮ್, ಕಿಚೆಯಂಥ ಮಾಯಾ ಭಾಷೆಗಳು; ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ತುಳುವೊಂದನ್ನೇ ಬಲ್ಲ ಅಜ್ಜಿಯ ಮುಂದೆ ಹಿಂದಿಯ ಕಾಗದ ಹಿಡಿದು ಸಹಿ ಹಾಕೆಂದರೆ ಹೇಗೋ ಹಾಗೆ, ಏನೆಂದು ತಿಳಿಯದ ಕಾಗದಗಳಿಗೆ ಸಹಿ ಮಾಡಿ ಬಂದವರಿದ್ದರು. ಒಟ್ಟು 4,600ಕ್ಕೂ ಹೆಚ್ಚು ಮಕ್ಕಳನ್ನು ಬೇರ್ಪಡಿಸಲಾಯಿತು, ಅವರಲ್ಲಿ 1,360ರಷ್ಟು ಮಂದಿ ಆರು ವರ್ಷ ಕಳೆದರೂ ಹೆತ್ತವರನ್ನು ಸೇರಿರಲಿಕ್ಕಿಲ್ಲ ಎಂದು 2024ರ ಡಿಸೆಂಬರ್‌ನ ಹ್ಯೂಮನ್ ರೈಟ್ಸ್ ವಾಚ್ ವರದಿ ಹೇಳುತ್ತದೆ. ಸೇರಿದವರಲ್ಲೂ ಕೆಲವು ಎಳೆಯ ಮಕ್ಕಳು ತಾಯಿಯ ಗುರುತೇ ಹಿಡಿಯಲಿಲ್ಲ.

ಗಡಿ ಕಾಯುವ ಹಕ್ಕು ದೇಶಕ್ಕಿಲ್ಲವೇ ಎಂದು ಕೇಳುವವರು ಈ ಸಭೆಯಲ್ಲೂ ಇರಬಹುದು. ಇದೆ, ಖಂಡಿತ ಇದೆ. ಮಗುವಿಗೆ ಪೋಷಕರಿಂದಲೇ ಅಪಾಯವಿದ್ದರೆ ಬೇರ್ಪಡಿಸುವ ಅವಕಾಶವೂ ಕಾನೂನಿನಲ್ಲಿದೆ. ಇಲ್ಲಿ ನಡೆದದ್ದು ಅದಲ್ಲ; ಮಕ್ಕಳ ಸಂಕಟ ತೋರಿಸಿ ಬೇರೆಯವರನ್ನು ಹೆದರಿಸುವ ಕೆಲಸ. ಹೆದರಿಕೆಯಾದರೂ ಹುಟ್ಟಿತೇ? ದಕ್ಷಿಣ ಗಡಿಯಲ್ಲಿ ಕುಟುಂಬವಾಗಿ ಬಂದು ಸಿಕ್ಕವರು 2018ರ ಹಣಕಾಸು ವರ್ಷದಲ್ಲಿ ಸುಮಾರು 1 ಲಕ್ಷ 7 ಸಾವಿರ, ಮರುವರ್ಷ 4 ಲಕ್ಷ 73 ಸಾವಿರ. ಊರಿನಲ್ಲಿ ಪಾತಕಿ ಗುಂಪುಗಳ ಗುಂಡಿಗೆ, ಬರಕ್ಕೆ ಬೆನ್ನು ಕೊಟ್ಟು ಹೊರಟವರನ್ನು ಇನ್ನೊಂದು ಭಯ ತಡೆಯಲಿಲ್ಲ.

ಕಾಗದಪತ್ರ ಸರಿಯಿಟ್ಟುಕೊಂಡು ವಿಮಾನದಲ್ಲಿ ಬಂದ ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ? ಇದೆ. 1917ರ ಅಮೆರಿಕದ ವಲಸೆ ಕಾಯಿದೆ ಭಾರತದಿಂದ ಬರುವವರಿಗೆ ಬಾಗಿಲು ಮುಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಬೇಸಾಯಕ್ಕಿಳಿದಿದ್ದ ಪಂಜಾಬಿಗಳು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗಲಿಲ್ಲ. ಮೆಕ್ಸಿಕೊ ಗಡಿಗೆ ತಾಗಿಕೊಂಡ ಇಂಪೀರಿಯಲ್ ಕಣಿವೆಯಲ್ಲಿ ಹಲವರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗಿ ಹೊಸ ಸಂಸಾರ ಹೂಡಿದರು. ಊರಲ್ಲಿದ್ದ ಹೆಂಡತಿಯರು ದಶಕಗಟ್ಟಲೆ ಕಾದರು. 1946ರಲ್ಲಿ ಬಾಗಿಲು ವರ್ಷಕ್ಕೆ ನೂರು ಜನರಷ್ಟು ತೆರೆಯಿತು. 1965ರ ಕಾಯಿದೆ ಅದನ್ನು ಅಗಲ ಮಾಡಿತು, ಮತ್ತು ಕುಟುಂಬ ಒಂದಾಗಿರಬೇಕೆಂಬುದನ್ನು ವಲಸೆಯ ಒಂದು ಮುಖ್ಯ ಆಧಾರವನ್ನಾಗಿಸಿತು. ಈ ಸಭಾಂಗಣದಲ್ಲಿ ಅಣ್ಣನ ಅರ್ಜಿಯಿಂದ ಬಂದ ತಂಗಿಯರಿದ್ದಾರೆ, ಮಗನ ಅರ್ಜಿಯಿಂದ ಬಂದು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜ ಅಜ್ಜಿಯರಿದ್ದಾರೆ. ಆ ಕಾಯಿದೆ ಕೊಟ್ಟ ಬಾಳನ್ನು ಬಾಳುತ್ತಿರುವವರು ಹೊಂಡುರಾಸಿನ ತಾಯಿಯ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲ.

2023ರ ಡಿಸೆಂಬರ್‌ನಲ್ಲಿ ಸಬ್ರಾ ಅವರು ಒಪ್ಪಿದ ರಾಜಿ ಒಪ್ಪಂದ ಇಂಥ ಬೇರ್ಪಡಿಸುವಿಕೆಯನ್ನು ಎಂಟು ವರ್ಷ ನಿಷೇಧಿಸಿದೆ. ಆ ಅವಧಿ 2031ಕ್ಕೆ ಮುಗಿಯುತ್ತದೆ, ಮತ್ತು ಒಪ್ಪಂದ ಕಾಯಿದೆಯಲ್ಲ. ಆದ್ದರಿಂದ ಈ ಸಮ್ಮೇಳನದ ಮುಂದೆ ಒಂದು ನಿರ್ಣಯ ಬರಲಿದೆ: ಈ ನಿಷೇಧವನ್ನು ಶಾಶ್ವತ ಕಾಯಿದೆ ಮಾಡಬೇಕು, ಬಂಧನಕ್ಕೊಳಗಾದ ಪ್ರತಿ ಕುಟುಂಬದ ನಂಟನ್ನೂ ದಾಖಲಿಸಿಡಬೇಕು ಎಂದು ಪ್ರತಿಯೊಬ್ಬರೂ ತಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರಿಗೆ ಬರೆಯುವುದು. ನಮ್ಮಲ್ಲಿ ಮಕ್ಕಳ ವೈದ್ಯರು, ಮನೋವೈದ್ಯರು, ವಕೀಲರು ಬೇಕಾದಷ್ಟಿದ್ದಾರೆ. ಆಶ್ರಯ ಕೋರಿದ ಕುಟುಂಬಗಳಿಗೆ ಪುಕ್ಕಟೆಯಾಗಿ ನೆರವಾಗಲು ಒಪ್ಪುವವರು ನೋಂದಣಿ ಮೇಜಿನಲ್ಲಿ ಹೆಸರು ಬರೆಸಬೇಕು. ನಿರ್ಣಯದ ಕರಡನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಓದಲಾಗುತ್ತದೆ. ತಿದ್ದುಪಡಿ ಸೂಚಿಸುವವರು ಅಷ್ಟರೊಳಗೆ ಕಾರ್ಯದರ್ಶಿಗಳಿಗೆ ಬರೆದು ಕೊಡಬೇಕಾಗಿ ವಿನಂತಿ.